ಚಲನಚಿತ್ರದ ಕತ್ತರಿಯೂ ಪ್ರೇಕ್ಷಕನ ಮನಸ್ಸೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಗಡಿನಾಡ ಕನ್ನಡಿಗರ ಸ್ಥಿತಿಗತಿಯನ್ನೋ ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ಬರೆಯಬಲ್ಲ ಸಮರ್ಥರು ನಮ್ಮಲ್ಲಿ ಅನೇಕರಿದ್ದಾರೆ. ನಾನು ಆರಿಸಿಕೊಂಡಿರುವುದು ಚಲನಚಿತ್ರವನ್ನು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದು, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಸಿನಿಮಾದ ಗೊಡವೆ ಏಕೆಂದು ಹಳೆಯ ವಿದ್ಯಾರ್ಥಿಗಳು ನಗಬಹುದು. ತರಗತಿ ತಪ್ಪಿಸಿ ಮ್ಯಾಟಿನಿ ಆಟಕ್ಕೆ ಹೋದವರನ್ನು ಮರುದಿನ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನೇ ಅಲ್ಲವೆ!

ಆದರೆ ಕಾರಣವಿದೆ. 2006ರ ತಮಿಳು ಕಲಿಕೆ ಕಾಯಿದೆಯ ನಂತರ ನಮ್ಮ ಮಕ್ಕಳಿಗೆ ತಮಿಳು ಕಡ್ಡಾಯ ಪಾಠವಾಯಿತು. ತಮಿಳನ್ನು ಕಲಿಯುವುದರಿಂದ ನಷ್ಟವೇನೂ ಇಲ್ಲ. ಹೊಸೂರು, ಕೃಷ್ಣಗಿರಿ ಸೀಮೆಯ ನಾವು ತಲೆಮಾರುಗಳಿಂದ ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿಕೊಂಡೇ ಬಾಳಿದವರು. ಆದರೆ ಅನೇಕ ಮನೆಗಳಲ್ಲಿ ಈಗ ಮಕ್ಕಳ ಕಿವಿಗೆ ಬೀಳುವ ಕನ್ನಡದಲ್ಲಿ ಹೆಚ್ಚಿನ ಪಾಲು ಸಿನಿಮಾದ ಕನ್ನಡ. ಅವರಿಗೆ ತಿಳಿದ ಚರಿತ್ರೆಯೂ ಬಹುಮಟ್ಟಿಗೆ ಸಿನಿಮಾದ ಚರಿತ್ರೆ. ಹೀಗಿರುವಾಗ ಸಿನಿಮಾ ನಮ್ಮನ್ನು ಹೇಗೆ ಅಳಿಸುತ್ತದೆ, ನಗಿಸುತ್ತದೆ, ನಂಬಿಸುತ್ತದೆ ಎಂಬುದನ್ನು ಉಪಾಧ್ಯಾಯನಾದವನು ವಿವರಿಸಬೇಡವೆ? ನಾವು ನಟನನ್ನು ಹೊಗಳುತ್ತೇವೆ, ಹಾಡನ್ನು ಗುನುಗುತ್ತೇವೆ. ನಮ್ಮ ಮನಸ್ಸನ್ನು ಎಳೆದಾಡುವ ಕೆಲಸದಲ್ಲಿ ಬಹಳಷ್ಟು ನಡೆಯುವುದು ತೆರೆಯ ಮೇಲೆ ಕಾಣದ ಎರಡು ಕಡೆಗಳಲ್ಲಿ: ಒಂದು ಸಂಕಲನಕಾರನ ಮೇಜು, ಇನ್ನೊಂದು ಪ್ರಚಾರದ ಕಚೇರಿ.

ಮೊದಲು ಸಂಕಲನ. ಹಿಂದೆ ಚಿತ್ರಗಳನ್ನು ಸೆಲ್ಯುಲಾಯ್ಡ್ ಸುರುಳಿಯ ಮೇಲೆ ತೆಗೆಯುತ್ತಿದ್ದಾಗ ಲೆಕ್ಕ ಸುಲಭವಾಗಿತ್ತು. ಒಂದು ಸೆಕೆಂಡಿಗೆ 24 ಬಿಡಿಚಿತ್ರಗಳು. ಒಂದು ಅಡಿ ಫಿಲಂನಲ್ಲಿ 16 ಬಿಡಿಚಿತ್ರಗಳು. ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ, ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. (ಐದನೆಯ ತರಗತಿಯ ಗಣಿತದ ಹುಡುಗರಿಗೆ ಇದನ್ನು ಲೆಕ್ಕವಾಗಿ ಕೊಟ್ಟರೆ ಮಗ್ಗಿಯ ಮೇಲಿನ ಮುನಿಸು ಮರೆತುಬಿಡುತ್ತಾರೆ.) ಚಿತ್ರೀಕರಣದಲ್ಲಿ ತೆಗೆದದ್ದು ಇದರ ಹಲವು ಪಟ್ಟು. ಅದರಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಸುಡಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಅಂಟಿಸಬೇಕು ಎಂದು ತೀರ್ಮಾನಿಸುವುದೇ ಸಂಕಲನ. ಈಗ ಕತ್ತರಿ, ಅಂಟು ಯಾವುದೂ ಇಲ್ಲ, ಎಲ್ಲವೂ ಕಂಪ್ಯೂಟರಿನಲ್ಲಿ. ತೀರ್ಮಾನ ಮಾತ್ರ ಅದೇ.

ಜೋಡಣೆಯ ಮಹತ್ವವನ್ನು ನಾನು ಕನ್ನಡ ಪಾಠದ ಮೂಲಕ ಹೇಳಿಕೊಡುತ್ತಿದ್ದೆ. ‘ಮಗ ಬಸ್ಸು ಹತ್ತಿದ. ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಳೆ ಬಂತು.’ ಇದು ಅಗಲಿಕೆ. ‘ಮಳೆ ಬಂತು. ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗ ಬಸ್ಸು ಹತ್ತಿದ.’ ಈಗ ಮಗ ಊರಿಗೆ ಹೊರಟು ಬರುತ್ತಿದ್ದಾನೆ, ತಾಯಿ ಕಾಯುತ್ತಿದ್ದಾಳೆ ಎಂದೂ ಅರ್ಥ ಮಾಡಬಹುದು. ಒಂದು ಪದವೂ ಬದಲಾಗಲಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯದ ಕುಲೆಶೋವ್ ಎಂಬ ನಿರ್ದೇಶಕ ಇದನ್ನೇ ಚಿತ್ರದಲ್ಲಿ ಮಾಡಿ ತೋರಿಸಿದನೆಂದು ಪ್ರಸಿದ್ಧಿ. ಒಬ್ಬ ನಟನ ಭಾವವಿಲ್ಲದ ಮುಖ. ಅದರ ಪಕ್ಕದಲ್ಲಿ ಒಮ್ಮೆ ಸಾರಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಮಗು, ಒಮ್ಮೆ ಒಬ್ಬ ಸುಂದರಿ. ನೋಡಿದವರು ನಟನ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಬಯಕೆಯನ್ನೂ ಕಂಡು ಅವನ ಅಭಿನಯವನ್ನು ಮೆಚ್ಚಿದರಂತೆ. ಮುಖ ಮೂರೂ ಸಲ ಒಂದೇ ಆಗಿತ್ತು. ಭಾವವನ್ನು ತುಂಬಿದವರು ಪ್ರೇಕ್ಷಕರೇ.

ನಮ್ಮ ಕಡೆಯ ಟೆಂಟ್ ಸಿನಿಮಾದಲ್ಲಿ ಈ ಕಲೆಗೆ ಒಂದು ವಿಚಿತ್ರ ಅಡ್ಡಿಯಿತ್ತು. ಅಲ್ಲಿದ್ದದ್ದು ಬಹುಶಃ ಒಂದೇ ಪ್ರೊಜೆಕ್ಟರ್. ಒಂದು ಸುರುಳಿ ಮುಗಿದ ಮೇಲೆ ದೀಪ ಹತ್ತಬೇಕು, ಇನ್ನೊಂದನ್ನು ಏರಿಸಬೇಕು. ಹೀಗೆ ಒಂದು ಮಧ್ಯಂತರದ ಬದಲು ಮೂರು ನಾಲ್ಕು. ನಾಯಕಿ ಬಾವಿಯ ಕಡೆಗೆ ಓಡುತ್ತಿರುವಾಗ ದೀಪ ಹತ್ತಿದರೆ, ಸಂಕಲನಕಾರ ಬಿಗಿದು ಕಟ್ಟಿದ ಆತಂಕವೆಲ್ಲ ಕಡಲೆಕಾಯಿ ಮಾರುವವನ ಕೂಗಿನಲ್ಲಿ ಕರಗುತ್ತಿತ್ತು. ಒಂದು ವಿಧದಲ್ಲಿ ಅದು ಒಳ್ಳೆಯದೇ. ಮರಳಿನ ಮೇಲೆ ಕುಳಿತ ಜನ ಆ ಬಿಡುವಿನಲ್ಲಿ ಕಥೆಯನ್ನು ಚರ್ಚಿಸುತ್ತಿದ್ದರು, ಮುಂದೇನೆಂದು ಊಹಿಸುತ್ತಿದ್ದರು. ಇಂದಿನ ಚಿತ್ರ ನಮಗೆ ಅಷ್ಟು ಪುರುಸೊತ್ತು ಕೊಡುವುದಿಲ್ಲ.

ನಮ್ಮ ಶಾಲೆ ಹುಟ್ಟಿದ ಆಸುಪಾಸಿನ ಕಾಲದಲ್ಲೇ, ಇಲ್ಲಿಂದ ಬೆಂಗಳೂರು ದಾಟಿದರೆ ಸಿಗುವ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ತಯಾರಾಯಿತು. 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರಕ್ಕೆ ಸಂಕಲನಕಾರ ಎಂ.ಎಸ್. ಶಿಂಧೆ. ಅಷ್ಟು ದೊಡ್ಡ ಚಿತ್ರಕ್ಕೆ ಆ ವರ್ಷದ ಫಿಲಂಫೇರ್ ಸ್ಪರ್ಧೆಯಲ್ಲಿ ದೊರೆತ ಒಂದೇ ಪ್ರಶಸ್ತಿ ಸಂಕಲನದ್ದು. ಅದರಲ್ಲೊಂದು ಜೋಡಣೆಯನ್ನು ನೋಡಿ: ಗಬ್ಬರ್ ಸಿಂಗನ ತೋಳಿನ ಮೇಲೆ ಒಂದು ಇರುವೆ ಹರಿಯುತ್ತದೆ, ಅವನು ಅದನ್ನು ಹೊಸಕುತ್ತಾನೆ. ಮುಂದೆ ನಾವು ಕಾಣುವುದು ಹಳ್ಳಿಯ ಮುದುಕ ಇಮಾಮನ ಮಗನ ಹೆಣವನ್ನು ಹೊತ್ತು ಬರುವ ಕುದುರೆ. ಕೊಲೆಯ ದೃಶ್ಯಕ್ಕೆ ಸೆನ್ಸಾರಿನ ಕತ್ತರಿ ಬಿದ್ದಿತ್ತು. ಆದರೂ ತೋರಿಸದ ಆ ಕೊಲೆಯನ್ನು ನಾವೆಲ್ಲ ಕಂಡೆವು. ತೋರಿಸಿದ್ದರೆ ಇಷ್ಟು ನಡುಗುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಚಿತ್ರದ ಅಂತ್ಯದಲ್ಲಿ ಮಾತ್ರ ಇದೇ ಕತ್ತರಿ ತೊಡಕು ತಂದಿತು. ಠಾಕೂರನು ಗಬ್ಬರನನ್ನು ತುಳಿದು ಕೊಲ್ಲುವಂತೆ ಮೊದಲು ಚಿತ್ರೀಕರಿಸಿದ್ದರು. ತುರ್ತುಪರಿಸ್ಥಿತಿಯ ದಿನಗಳು; ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಪೊಲೀಸರು ಬಂದು ಬಂಧಿಸುವ ಅಂತ್ಯವನ್ನು ಜೋಡಿಸಬೇಕಾಯಿತು. ಮೂರು ಗಂಟೆ ಕಾಲ ಸೇಡಿಗಾಗಿ ಹದಗೊಳಿಸಿದ ಮನಸ್ಸಿಗೆ ಕೊನೆಯ ಐದು ನಿಮಿಷದಲ್ಲಿ ಕಾನೂನಿನ ಪಾಠ! ಮೂಲ ಅಂತ್ಯವಿರುವ ಪ್ರತಿಯನ್ನು ಸರಿಪಡಿಸಿ 2025ರಲ್ಲಿ ಇಟಲಿಯ ಬೊಲೊನ್ಯಾ ಉತ್ಸವದಲ್ಲಿ ಪ್ರದರ್ಶಿಸಿದರು. ಒಂದೇ ಕಥೆ, ಅದೇ ನಟರು. ಹೊರಗೆ ಬರುವ ಪ್ರೇಕ್ಷಕನ ಮನಸ್ಥಿತಿ ಬೇರೆ.

‘ಶೋಲೆ’ಯೇ ಪ್ರಚಾರದ ಪಾಠವನ್ನೂ ಹೇಳುತ್ತದೆ. ಮೊದಲ ದಿನಗಳಲ್ಲಿ ಜನರ ಪ್ರತಿಕ್ರಿಯೆ ತಣ್ಣಗಿತ್ತು. ಹಾಡಿನ ಧ್ವನಿಮುದ್ರಿಕೆಗಳ ಮಾರಾಟವೂ ನಿರೀಕ್ಷೆಯಷ್ಟು ಇರಲಿಲ್ಲ. ಜನ ಸಂಭಾಷಣೆಗೆ ಕಿವಿಗೊಡುತ್ತಿದ್ದಾರೆಂದು ಗಮನಿಸಿದ ಪಾಲಿಡೋರ್ ಕಂಪನಿ ಸಂಭಾಷಣೆಯನ್ನೇ ಧ್ವನಿಮುದ್ರಿಕೆಯಾಗಿ ಹೊರತಂದಿತು. ಅದು ಹೋಟೆಲು, ಮದುವೆಮನೆ, ಜಾತ್ರೆಗಳಲ್ಲಿ ಮೊಳಗಿತು. ಚಿತ್ರಮಂದಿರಕ್ಕೆ ಹೋಗುವ ಮೊದಲೇ ಜನರಿಗೆ ಮಾತುಗಳು ಬಾಯಿಪಾಠ; ಅವರು ಹೋಗುತ್ತಿದ್ದದ್ದು ಕಥೆ ತಿಳಿಯಲಿಕ್ಕಲ್ಲ, ತಮಗೆ ಗೊತ್ತಿದ್ದ ಮಾತು ಬರುವ ಕ್ಷಣಕ್ಕಾಗಿ ಕಾಯಲಿಕ್ಕೆ.

ನಮ್ಮ ಬಾಲ್ಯದ ಪ್ರಚಾರ ಬೇರೆಯಾಗಿತ್ತು. ಬಣ್ಣದ ಭಿತ್ತಿಪತ್ರ ಕಟ್ಟಿದ ಎತ್ತಿನ ಗಾಡಿ, ತಮಟೆ, ಗಾಳಿಯಲ್ಲಿ ತೂರುವ ಕರಪತ್ರ, ಟೆಂಟಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕ. ಆ ಪುಸ್ತಕದಲ್ಲಿ ಕಥಾಸಾರಾಂಶ ಕೊಟ್ಟು, ಕೊನೆಗೆ ‘ಉಳಿದುದನ್ನು ತೆರೆಯ ಮೇಲೆ ನೋಡಿ ಆನಂದಿಸಿ’ ಎಂಬ ಧಾಟಿಯಲ್ಲಿ ನಿಲ್ಲಿಸುತ್ತಿದ್ದರು. ಇಂದಿನ ಟ್ರೇಲರಿನ ಮುತ್ತಜ್ಜಿ ಅದೇ. ಕೆಲವು ವೇಳೆ ನಿಷೇಧವೂ ಪ್ರಚಾರವಾಗುವುದುಂಟು. 1970ರ ‘ಸಂಸ್ಕಾರ’ಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿದ್ದರಿಂದಲೇ ಅನಂತಮೂರ್ತಿಯವರ ಕಾದಂಬರಿಯನ್ನು ಓದದವರೂ ಚಿತ್ರದ ಹೆಸರನ್ನು ಕೇಳುವಂತಾಯಿತು, ಮುಂದೆ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಪದಕ ಬಂತು.

ಪ್ರಚಾರವೂ ಸಂಕಲನವೂ ಒಂದಕ್ಕೊಂದು ಬೆಸೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ 1998ರ ಉಪೇಂದ್ರರ ‘ಎ’ ಚಿತ್ರ ಒಳ್ಳೆಯ ನಿದರ್ಶನ. ಕಥೆಯನ್ನು ಹಿಂದುಮುಂದಾಗಿ ಜೋಡಿಸಿದ್ದರು. ಜಾಹೀರಾತಿನಲ್ಲಿ ‘ಬುದ್ಧಿವಂತರಿಗೆ ಮಾತ್ರ’ ಎಂದು ಹಾಕಿದರು. ಅರ್ಥವಾಗಲಿಲ್ಲವೆಂದು ಹೇಳಲು ಯಾರಿಗೆ ಧೈರ್ಯ? ಅರ್ಥವಾಗದವರು ಎರಡನೆಯ ಸಲ ಟಿಕೆಟ್ ಕೊಂಡರು. ಅರ್ಥವಾದವರು ಅರ್ಥವಾಯಿತೆಂದು ನಾಲ್ಕು ಜನಕ್ಕೆ ಹೇಳಿಕೊಂಡರು. ಗೊಂದಲವನ್ನೇ ಬಂಡವಾಳ ಮಾಡಿದ ಆ ಜಾಣ್ಮೆಗೆ ತಲೆದೂಗಲೇಬೇಕು, ಚಿತ್ರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ.

ತಮಿಳಿನ ಕಡೆಗೆ ಬಂದರೆ ರಜನಿಕಾಂತರನ್ನು ಬಿಡುವಂತಿಲ್ಲ. ಅವರ ಹಿರಿಯರ ಊರೆಂದು ಹೆಸರಾದ ನಾಚಿಕುಪ್ಪಂ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ ಇದೆ. 1992ರ ‘ಅಣ್ಣಾಮಲೈ’ ಚಿತ್ರದಲ್ಲಿ ಮೊದಲ ಬಾರಿಗೆ ‘ಸೂಪರ್ ಸ್ಟಾರ್’ ಎಂಬ ಅಕ್ಷರಗಳು ಚುಕ್ಕಿಚುಕ್ಕಿಯಾಗಿ ಒಂದೊಂದೇ ಮೂಡಿ, ದೇವ ಅವರ ಸಂಗೀತದೊಡನೆ ಹೆಸರು ತುಂಬಿ ನಿಂತಿತು. ಕಥೆ ಇನ್ನೂ ಆರಂಭವೇ ಆಗಿಲ್ಲ. ಶಿಳ್ಳೆ ಮುಗಿಲು ಮುಟ್ಟಿತು. ಜಾಹೀರಾತು ಗೋಡೆಯಿಂದ ಇಳಿದು ಚಿತ್ರದ ಒಳಕ್ಕೇ ಬಂದು ಕುಳಿತ ಬಗೆ ಇದು. ಆದರೆ ಪ್ರಚಾರಕ್ಕೂ ಮಿತಿಯಿದೆ. 2002ರ ‘ಬಾಬಾ’ ಮುಗಿಲೆತ್ತರದ ನಿರೀಕ್ಷೆಯೊಡನೆ ಬಂದು ಸೋತಿತು. ಹಂಚಿಕೆದಾರರ ನಷ್ಟವನ್ನು ರಜನಿಯವರು ತುಂಬಿಕೊಟ್ಟರು. ಇಪ್ಪತ್ತು ವರ್ಷಗಳ ಮೇಲೆ, 2022ರ ಡಿಸೆಂಬರಿನಲ್ಲಿ, ಅದೇ ಚಿತ್ರವನ್ನು ಹೊಸದಾಗಿ ಸಂಕಲನ ಮಾಡಿ, ಚಿಕ್ಕದಾಗಿಸಿ, ಅಂತ್ಯವನ್ನು ಬದಲಿಸಿ ಬಿಡುಗಡೆ ಮಾಡಿದರು. ಈ ಬಾರಿ ಜನ ಆದರದಿಂದ ಕಂಡರು. ಕತ್ತರಿಯ ಗುಣ ಎಷ್ಟು, ಹಳೆಯ ನೆನಪಿನ ಮಮತೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಇನ್ನು ಪ್ರೇಕ್ಷಕರ ಬಾಯಿಮಾತಿನ ವಿಷಯ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡಿತು. ನೋಡಿದವರ ಮಾತು ಎಷ್ಟು ಬೇಗ ಹರಡಿತೆಂದರೆ, ಅಕ್ಟೋಬರ್ ನಡುವಿನ ಹೊತ್ತಿಗೆ ಹಿಂದಿ, ತೆಲುಗು, ತಮಿಳಿನಲ್ಲಿ ತರಬೇಕಾಯಿತು. ಇಲ್ಲಿ ಪ್ರಚಾರ ಜನರ ಹಿಂದೆ ಓಡಿತು. ಇಂತಹದು ಅಪರೂಪ. ಸಾಮಾನ್ಯವಾಗಿ ಮೊದಲ ಮೂರು ದಿನಗಳ ಗಳಿಕೆಯೇ ಚಿತ್ರದ ಹಣೆಬರಹ. ಎಲ್ಲರೂ ನೋಡಿ ಹೇಳಲಿ, ಆಮೇಲೆ ಹೋದರಾಯಿತೆಂದು ಕಾಯುವುದು ನಮ್ಮ ಕನ್ನಡ ಕುಟುಂಬಗಳ ಅಭ್ಯಾಸ. ಮೂರು ಭಾಷೆಗಳ ಚಿತ್ರಗಳು ಒಂದೇ ತೆರೆಗಾಗಿ ಪೈಪೋಟಿ ನಡೆಸುವ ಹೊಸೂರಿನಂತಹ ಊರಿನಲ್ಲಿ, ಹಾಗೆ ಕಾದವರು ಹೋಗುವ ವೇಳೆಗೆ ಕನ್ನಡ ಚಿತ್ರದ ಜಾಗದಲ್ಲಿ ಬೇರೆಯದು ಓಡುತ್ತಿರುತ್ತದೆ.

ಕೊನೆಯದಾಗಿ, ನನ್ನನ್ನು ಈ ಲೇಖನಕ್ಕೆ ಎಳೆತಂದ ಚಿತ್ರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ, ಎಂಟನೆಯ ತರಗತಿಯವನು, ಒಮ್ಮೆ ನನ್ನನ್ನು ಕೇಳಿದ: “ತಾತ, ಕೋಲಾರದ ಗಣೀಲಿ ಜನರನ್ನ ಗುಲಾಮರಾಗಿ ಇಟ್ಕೊಂಡಿದ್ರಂತೆ, ರಾಕಿ ಬಂದು ಬಿಡಿಸಿದ್ನಂತೆ. ನೀವು ಅವನನ್ನ ನೋಡಿದ್ದೀರಾ?” 2018ರ ‘ಕೆ.ಜಿ.ಎಫ್.’ ಐದು ಭಾಷೆಗಳಲ್ಲಿ ಬಂದ ಚಿತ್ರ. 2021ರ ಜನವರಿಯಲ್ಲಿ ಬಿಟ್ಟ ಎರಡನೆಯ ಭಾಗದ ಎರಡು ನಿಮಿಷ ಚಿಲ್ಲರೆಯ ಟೀಸರನ್ನು ಕೆಲವೇ ದಿನಗಳಲ್ಲಿ ಹತ್ತು ಕೋಟಿಗೂ ಮೀರಿ ವೀಕ್ಷಿಸಿದರು. ಚಿತ್ರ ಬಂದದ್ದು 2022ರ ಏಪ್ರಿಲ್ 14ರಂದು. ಹದಿನೈದು ತಿಂಗಳು ಮಕ್ಕಳು ಆ ಎರಡು ನಿಮಿಷವನ್ನೇ ಮತ್ತೆ ಮತ್ತೆ ನೋಡಿದರು. ಎರಡನೆಯ ಭಾಗದ ಸಂಕಲನಕಾರ ಉಜ್ವಲ್ ಕುಲಕರ್ಣಿ, ಆಗ ಇಪ್ಪತ್ತರ ಆಸುಪಾಸಿನ ಯುವಕ. ಅಭಿಮಾನಿಯಾಗಿ ಚಿತ್ರದ ತುಣುಕುಗಳನ್ನು ಜೋಡಿಸಿ ಅಂತರಜಾಲಕ್ಕೆ ಹಾಕುತ್ತಿದ್ದವನು. ಅವನ ಕೈಚಳಕ ಮೆಚ್ಚತಕ್ಕದ್ದೇ. ಒಂದು ಹೊಡೆತ, ತೆರೆ ಕಪ್ಪು, ತಾಯಿಯ ಮಾತು, ಮತ್ತೆ ಕಪ್ಪು, ಬೆಂಕಿ. ಕಣ್ಣಿಗೆ ಪ್ರಶ್ನೆ ಕೇಳುವ ಅವಕಾಶವೇ ಇಲ್ಲ. ನಿಜವಾದ ಕೋಲಾರದ ಸಯನೈಡ್ ದಿಬ್ಬಗಳಲ್ಲೇ ಚಿತ್ರೀಕರಿಸಿದ್ದರಿಂದ ಕಟ್ಟುಕಥೆಗೆ ಸತ್ಯದ ಮಣ್ಣು ಮೆತ್ತಿಕೊಂಡಿತು.

ನಾನು ಆ ಹುಡುಗನಿಗೆ ಎರಡು ಕೆಲಸ ಹೇಳಿದೆ. ಮೊದಲನೆಯದು, ಟೀಸರನ್ನು ಧ್ವನಿ ನಿಲ್ಲಿಸಿ ನೋಡಿ, ಎಷ್ಟು ತುಣುಕುಗಳಿವೆ ಎಂದು ಎಣಿಸುವುದು. ಲೆಕ್ಕ ತಪ್ಪಿ ಮೂರು ಸಲ ಮೊದಲಿನಿಂದ ಶುರುಮಾಡಿದ. ಸಂಗೀತವಿಲ್ಲದೆ ನೋಡಿದರೆ ಅಷ್ಟು ಭಯವಾಗುವುದಿಲ್ಲವೆಂದು ತಾನಾಗಿಯೇ ಹೇಳಿದ. ಎರಡನೆಯದು, ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಚಿತ್ರದ ನರಾಚಿಯಲ್ಲಿ 1951ರಲ್ಲಿ ಚಿನ್ನ ಸಿಗುತ್ತದೆ. ನಿಜವಾದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲೇ ಬಂದಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಆ ಗಣಿಗೆ ಹರಿಯಿತು. ಉತ್ತರ ಆರ್ಕಾಡು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ಬಡ ಕೂಲಿಕಾರರು, ಹೆಚ್ಚಿನವರು ತಮಿಳರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕೆಲಸ ಮಾಡಿದರು. ಬಂಡೆ ಸಿಡಿದು ಸತ್ತರು. ಧೂಳು ಕುಡಿದು ಕೆಮ್ಮಿದರು. ನಮ್ಮ ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆಗೆ ಸೇರಿದ್ದವು. ಅವರ ನಡುವೆ ರಾಕಿ ಇರಲಿಲ್ಲ. ಸಂಘ ಕಟ್ಟಿದವರಿದ್ದರು, ಮುಷ್ಕರ ಹೂಡಿದವರಿದ್ದರು.

ಬರೆದು ಮುಗಿಸಿದವನು, ಹಾಗಾದರೆ ಗಣಿಯನ್ನು ಯಾರು ಮುಚ್ಚಿದರು ಎಂದು ಕೇಳಿದ. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ ಬಂದು, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತೆಂದೂ, 2001ರ ಫೆಬ್ರವರಿ 28ರಂದು ಕೆಲಸ ನಿಂತಿತೆಂದೂ ಹೇಳಿದೆ. “ಅದನ್ನ ಯಾಕೆ ತಾತ ಸಿನಿಮಾ ಮಾಡಿಲ್ಲ?” ಎಂದ.