ಇಪ್ಪತ್ತೈದು ನಿಮಿಷದ ಬೆಳಕು

ಕೆಲಸಕ್ಕೆಂದು ಕೊಚ್ಚಿಗೆ ಬಂದ ಮೊದಲ ಭಾನುವಾರ ಎಲ್ಲರಂತೆ ನಾನೂ ಫೋರ್ಟ್ ಕೊಚ್ಚಿಗೆ ಹೋಗಿ ಚೀನಾ ಬಲೆಗಳ ಫೋಟೋ ತೆಗೆದು ಊರಿಗೆ ಕಳಿಸಿದೆ. ಅಮ್ಮ ಕೇಳಿದ್ದು ಒಂದೇ ಮಾತು: 'ಚೆನ್ನಾಗಿದೆ, ಆದ್ರೆ ಇದ್ರಲ್ಲಿ ಬಲೆ ಎಲ್ಲಿದೆಯೋ?' ನಿಜವೇ. ಬಲೆಯ ಕಂಬ, ಹಿಂದಿನ ಹಡಗು, ಮುಂದಿನ ಜನ ಎಲ್ಲ ಕಲಸುಮೇಲೋಗರ. ಆಮೇಲೆ ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಅಲೆದು ಕಲಿತದ್ದು ಇಲ್ಲಿದೆ. ಹೆಚ್ಚಿನದು ಮೊಬೈಲಿಗೂ ಸಲ್ಲುತ್ತದೆ.

ಮೊದಲು ಗಡಿಯಾರ ನೋಡಿ

ಸಂಜೆಯ ಹೊಂಬೆಳಕು ಒಂದು ಗಂಟೆ ಇರುತ್ತದೆ ಎಂದು ಓದಿರುತ್ತೀರಿ. ಇಲ್ಲಿ ಅದನ್ನು ನಂಬಬೇಡಿ. ಕೊಚ್ಚಿ ಸುಮಾರು 10, ತಿರುವನಂತಪುರ 8.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಸಮಭಾಜಕಕ್ಕೆ ಇಷ್ಟು ಹತ್ತಿರದಲ್ಲಿ ಸೂರ್ಯ ಓರೆಯಾಗಿ ಜಾರದೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಮುಳುಗುವ ಮುಂಚೆ ಸುಮಾರು 25 ನಿಮಿಷ, ಮುಳುಗಿದ ಮೇಲೆ 20 ನಿಮಿಷ, ಅಷ್ಟೇ. ಒಂದು ಗಂಟೆ ಮೊದಲೇ ಹೋಗಿ ಜಾಗ ಹಿಡಿಯಿರಿ.

ಸೂರ್ಯ ಮುಳುಗುವ ಜಾಗವೂ ಬದಲಾಗುತ್ತದೆ. ಡಿಸೆಂಬರಿನಲ್ಲಿ ನೇರ ಪಶ್ಚಿಮದಿಂದ ಸುಮಾರು 23 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ದಿನಗಳಲ್ಲಿ ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಪೂರ್ವ ಬೀದಿಯಲ್ಲಿ ಜನ ಸೇರುವುದು ಇದಕ್ಕೇ. ಇಳಿಯುವ ಸೂರ್ಯ ಗೋಪುರದ ಕಿಟಕಿಗಳಲ್ಲಿ ಒಂದಾದ ಮೇಲೊಂದರಂತೆ ಕಾಣಿಸಿಕೊಳ್ಳುತ್ತಾನೆ. ಇಲ್ಲಿ ಹತ್ತಿರ ಹೋಗಬೇಡಿ. ದೂರ ನಿಂತು ಉದ್ದ ಲೆನ್ಸ್ ಹಾಕಿದರೆ ಸೂರ್ಯ ಕಿಟಕಿ ತುಂಬುತ್ತಾನೆ.

ಬಲೆ ಏಳುವವರೆಗೆ ಕಾಯಿರಿ

ನನ್ನ ಮೊದಲ ಫೋಟೋದ ತಪ್ಪು ಇಲ್ಲಿತ್ತು. ಬಲೆ ನೀರಿನಲ್ಲಿದ್ದಾಗ ಕಾಣುವುದು ಕಂಬ ಮಾತ್ರ. ಕಲ್ಲುಗಳ ಭಾರಕ್ಕೆ ತೂಗುತ್ತಾ ಬಲೆ ಮೇಲೆದ್ದಾಗ ಅದರ ಹಿಂದೆ ಬರೀ ಆಕಾಶ ಇರುವಂತೆ ನಾಲ್ಕು ಹೆಜ್ಜೆ ಸರಿದು, ತಗ್ಗಿ ಕೂತುಕೊಳ್ಳಿ. ಮೊಬೈಲಿನಲ್ಲಾದರೆ ಆಕಾಶದ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿ. ಬಲೆ ಕಪ್ಪು ಗೆರೆಗಳಾಗಿ ನಿಲ್ಲುತ್ತದೆ. ಹಗ್ಗ ಎಳೆಯುವವರ ಮುಖ ಬೇಕಿದ್ದರೆ ಮೊದಲು ಕೇಳಿ. 'ಚೇಟ್ಟಾ, ಒರು ಫೋಟೋ ಎಡುತ್ತೋಟ್ಟೆ?' ಎಂದರೆ ಸಾಕು.

ಬೆವರುವ ಲೆನ್ಸ್, ಬಿಳಿ ಆಕಾಶ

ಎಸಿ ರೂಮಿನಿಂದ ನೇರ ಕಡಲತಡಿಗೆ ಬಂದರೆ ಲೆನ್ಸ್ ಮಂಜಾಗುತ್ತದೆ. ಅರ್ಧ ಗಂಟೆ ಮೊದಲೇ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಇಟ್ಟು ಹೊರಗಿಡಿ. ಉಪ್ಪುಗಾಳಿಗೆ ಲೆನ್ಸಿನ ಮೇಲೊಂದು ಫಿಲ್ಟರ್ ಇರಲಿ.

ಮಳೆಗಾಲದ ಬಿಳಿ ಆಕಾಶ ಚೌಕಟ್ಟಿನಲ್ಲಿ ಹೆಚ್ಚು ಬರದಂತೆ ನೋಡಿಕೊಳ್ಳಿ. ಆ ಮೆತ್ತನೆ ಬೆಳಕಿನಲ್ಲಿ ಕಡಮಕ್ಕುಡಿಯ ಪೊಕ್ಕಾಳಿ ಗದ್ದೆಗಳ ಹಸಿರು ಮಿಕ್ಕ ಕಾಲದಲ್ಲಿ ಸಿಗುವುದಿಲ್ಲ. ಟ್ರೈಪಾಡ್ ಇದ್ದರೆ ಐಎಸ್‌ಒ 100, ಎಫ್/8 ಇಟ್ಟು ನೋಡಿ. ಅರ್ಧ ಸೆಕೆಂಡಿನ ಶಟರಿಗೆ ಅಲೆಯ ನೊರೆ ಗೆರೆಗೆರೆಯಾಗಿ ಮೂಡುತ್ತದೆ.

ಡ್ರೋನ್ ಆಸೆ ಇದ್ದವರಿಗೆ ಒಂದು ಮಾತು: ಶಂಖುಮುಖಂ ಪಕ್ಕದಲ್ಲೇ ವಿಮಾನ ನಿಲ್ದಾಣ, ಕೊಚ್ಚಿಯಲ್ಲಿ ನೌಕಾನೆಲೆ. ಅನುಮತಿ ಇಲ್ಲದೆ ಹಾರಿಸಬೇಡಿ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ

ಶಂಖುಮುಖದಲ್ಲಿ ನಾನು ಒಂದೇ ಕಡೆ ನಿಂತು ವರ್ಷ ವರ್ಷ ಫೋಟೋ ತೆಗೆಯುತ್ತೇನೆ. ಹಳೆಯದರಲ್ಲಿ ಮಕ್ಕಳು ಓಡಾಡುವಷ್ಟು ಮರಳಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹೊತ್ತಿಗೆ ದಡದ ರಸ್ತೆಯೇ ಕುಸಿದಿತ್ತು. ಒಂದೊಂದಾಗಿ ನೋಡಿದರೆ ಸಾಧಾರಣ ಚಿತ್ರಗಳು. ಸಾಲಾಗಿ ಇಟ್ಟಾಗ ಕಡಲು ಏನು ನುಂಗಿತೆಂದು ಹೇಳುತ್ತವೆ. ನಿಮ್ಮ ಹಳೆಯ ಫೋಟೋಗಳನ್ನು ಅಳಿಸಬೇಡಿ, ದಿನಾಂಕ ಬರೆದಿಡಿ.

ಕೊನೆಯದಾಗಿ, ಅಲೆಗೆ ಬೆನ್ನು ಮಾಡಬೇಡಿ. ಕೇರಳದ ಮಳೆಯನ್ನು ಮನಸೂರೆಗೊಳ್ಳುವಂತೆ ಸೆರೆಹಿಡಿದ ಮಲಯಾಳ ಮನೋರಮದ ವಿಕ್ಟರ್ ಜಾರ್ಜ್ 2001ರ ಜುಲೈ 9ರಂದು ಇಡುಕ್ಕಿಯಲ್ಲಿ ಭೂಕುಸಿತದ ಚಿತ್ರ ತೆಗೆಯುತ್ತಲೇ ಮಣ್ಣಿನಡಿ ಸಿಲುಕಿ ತೀರಿಕೊಂಡರು. ಅವರದು ವೃತ್ತಿ, ಸುದ್ದಿಗಾಗಿ ಹೋದವರು. ನಮ್ಮದು ಭಾನುವಾರದ ಹವ್ಯಾಸ. ಬೆಳಕು ನಾಳೆಯೂ ಬರುತ್ತದೆ.

ಮೊನ್ನೆ ಬಲೆಯ ಇನ್ನೊಂದು ಫೋಟೋ ಅಮ್ಮನಿಗೆ ಕಳಿಸಿದೆ. 'ಮೀನು ಸಿಕ್ತಾ ಅವರಿಗೆ?' ಅಂತ ಕೇಳಿದರು. ಈ ಸಲ ಬಲೆ ಕಂಡಿದೆ!