ಸ್ಯಾಕ್ಸೋಫೋನ್ ರಿಪೇರಿ: ಮನೆಯಲ್ಲಿ ಎಷ್ಟು, ಎಲ್ಲಿಯವರೆಗೆ?

ಸ್ಯಾಕ್ಸೋಫೋನಿನ ಮೈ ಹಿತ್ತಾಳೆಯದು. ಆದರೂ ಸ್ವರ ಹುಟ್ಟುವುದು ರೀಡಿನ ಕಂಪನದಿಂದ. ಹಾಗಾಗಿ ಅದು ಕ್ಲಾರಿನೆಟ್ಟಿನಂತೆಯೇ ವುಡ್‌ವಿಂಡ್ ವಾದ್ಯ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಕದ್ರಿ ಗೋಪಾಲನಾಥ್. ಇಂದು ಕರಾವಳಿಯ ದೇವಸ್ಥಾನ, ಮದುವೆಮನೆಗಳಲ್ಲಿ ಅದರ ದನಿ ಸಾಮಾನ್ಯ. ಅಲ್ಲಿಯ ತೇವಕ್ಕೆ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಚರ್ಮದ ಪ್ಯಾಡ್ ಅಂಟಿಕೊಳ್ಳುತ್ತದೆ. ಇಂಥ ಸಣ್ಣ ದೋಷಗಳಿಗಿಂತ ಅವನ್ನು ಸರಿಪಡಿಸಲು ಹೋಗಿ ಆಗುವ ಹಾನಿಯೇ ಹೆಚ್ಚು ದುಬಾರಿ.

ಕೆಳಗಿನ ಸ್ವರ ಹೊರಡದಿದ್ದರೆ ಮೊದಲು ರೀಡ್ ಬದಲಿಸಿ ನೋಡಬೇಕು. ದೋಷ ಅಲ್ಲಿಲ್ಲದಿದ್ದರೆ ಪ್ಯಾಡಿನ ಸರದಿ. ಸಿಗರೇಟು ಸುತ್ತುವ ತೆಳು ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು, ಕೀಯನ್ನು ಹಗುರವಾಗಿ ಮುಚ್ಚಿ ಮೆಲ್ಲಗೆ ಎಳೆದರೆ ಎಲ್ಲಿ ಸಡಿಲವೋ ಅಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಇಷ್ಟಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಸೋರುವ ಕೀಯನ್ನು ಬೆರಳಿನಿಂದ ಒತ್ತಿ ಬಗ್ಗಿಸುವ ಚಪಲ ಮಾತ್ರ ಬೇಡ: ಒಂದು ಕೀ ಬಗ್ಗಿದರೆ ಅದರೊಡನೆ ಚಲಿಸುವ ಇನ್ನೆರಡು ಕೀಗಳ ಹೊಂದಾಣಿಕೆಯೂ ತಪ್ಪುತ್ತದೆ.

ಪ್ಯಾಡ್ ಬರೀ ಅಂಟುತ್ತಿದ್ದರೆ ಅದೇ ಕಾಗದವನ್ನು ನಡುವೆ ಇಟ್ಟು ಕೆಲವು ಸಲ ಒತ್ತಿ ಬಿಟ್ಟರೆ ಸಾಕು. ಒತ್ತಿ ಹಿಡಿದಿರುವಾಗಲೇ ಕಾಗದವನ್ನು ಎಳೆದರೆ ಪ್ಯಾಡಿನ ಮೇಲ್ಪದರ ಸವೆಯುತ್ತದೆ. ಟಾಲ್ಕಂ ಪೌಡರ್ ಹಾಕುವವರೂ ಇದ್ದಾರೆ. ಅದು ತೇವದೊಡನೆ ಬೆರೆತು ಇನ್ನಷ್ಟು ಅಂಟು ಕಟ್ಟುತ್ತದೆ. ಕಳಚಿಬಿದ್ದ ಪ್ಯಾಡನ್ನು ಸೂಪರ್ ಗ್ಲೂ ಹಾಕಿ ಕೂರಿಸಬಾರದು. ಪ್ಯಾಡನ್ನು ಅರಗಿನಲ್ಲಿ ಕೂರಿಸುವುದಕ್ಕೆ ಕಾರಣವಿದೆ: ಬಿಸಿ ಮಾಡಿದರೆ ಅರಗು ಮೆತ್ತಗಾಗಿ, ಪ್ಯಾಡನ್ನು ರಂಧ್ರದ ಅಂಚಿಗೆ ಸಮನಾಗಿ ಹೊಂದಿಸಲು ಆಗುತ್ತದೆ. ಆದರೆ ಬಿಸಿ ಮಾಡುವ ಜ್ವಾಲೆ ಕೊಂಚ ಅತ್ತಿತ್ತ ಆದರೂ ಮೆರುಗು ಸುಟ್ಟುಹೋಗುತ್ತದೆ, ಆದ್ದರಿಂದ ಇದು ಕೈಪಳಗಿದವರ ಕೆಲಸ.

ಸ್ಕ್ರೂ ಬಿಚ್ಚಲೇಬೇಕಾದಾಗ ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಅಗಲ ತಪ್ಪಿದರೆ ತಲೆ ಸವೆಯುತ್ತದೆ. ಜಾರಿದರೆ ತುದಿ ನೇರ ಪಕ್ಕದ ಪ್ಯಾಡಿಗೆ ಚುಚ್ಚುತ್ತದೆ. ನೋಡಲು ಒಂದೇ ಥರ ಇರುವ ಸ್ಕ್ರೂಗಳು ಅದಲುಬದಲಾದರೆ ಕೀ ಬಿಗಿಯುತ್ತದೆ ಇಲ್ಲವೇ ಅಲ್ಲಾಡುತ್ತದೆ. ಆದ್ದರಿಂದ ಕೀ ತೆಗೆದ ಕೂಡಲೇ ಅದರ ಸ್ಕ್ರೂವನ್ನು ಅದರದೇ ಕಂಬಕ್ಕೆ ಮರಳಿ ಸಿಕ್ಕಿಸಿಡುವುದು ಒಳ್ಳೆಯ ರೂಢಿ. ಎಣ್ಣೆ ಕೀಲುಗಳಿಗೆ ಸೂಜಿಮೊನೆಯಷ್ಟು ಸಾಕು. ತುಕ್ಕು ಬಿಡಿಸುವ ಸ್ಪ್ರೇಯನ್ನು ಹೊಡೆದರೆ ಅದು ಹರಿದು ಪ್ಯಾಡಿಗೂ ಸೇರುತ್ತದೆ.

ಕೀ ಏಳದಿದ್ದರೆ ಸೂಜಿಯಂಥ ಸ್ಪ್ರಿಂಗ್ ತನ್ನ ಕಚ್ಚಿನಿಂದ ಜಾರಿರುವುದೇ ಸಾಮಾನ್ಯ ಕಾರಣ. ಸಣ್ಣ ಕ್ರೋಶಾ ಕಡ್ಡಿಯಿಂದ ಅದನ್ನು ಎಳೆದು ಮತ್ತೆ ಕಚ್ಚಿಗೆ ಸೇರಿಸಬಹುದು. ಬಲ ಹೆಚ್ಚಿಸಲೆಂದು ಇಕ್ಕಳದಿಂದ ಬಾಗಿಸಿದರೆ ಹದಗೊಳಿಸಿದ ಉಕ್ಕು ಪಟ್ಟನೆ ಮುರಿಯಬಹುದು.

ಕ್ಲಾರಿನೆಟ್ಟಿಗೆ ಇನ್ನೊಂದು ಚಿಂತೆ ಮರದ್ದು. ಒಳ್ಳೆಯ ಕ್ಲಾರಿನೆಟ್ಟುಗಳ ಮೈ ಆಫ್ರಿಕದ ಕರಿಮರದ್ದು. ಒಳಗೆ ತೇವ, ಹೊರಗೆ ಒಣಗಿದ್ದರೆ ಸೀಳು ಬಿಡಬಹುದು. ಕಾರ್ಕಿನ ಜೋಡಣೆ ಕಚ್ಚಿಕೊಂಡಾಗ ಇಕ್ಕಳ ಹಾಕದೆ ತೇವ ಆರುವವರೆಗೆ ಕಾಯಬೇಕು; ಆಮೇಲೂ ಕೀಗಳ ಮೇಲೆ ಒತ್ತಡ ಬೀಳದಂತೆ ಹಿಡಿದು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಕಾರ್ಕಿಗೆ ವ್ಯಾಸಲೀನ್ ಬೇಡ, ಅದಕ್ಕೆಂದೇ ಸಿಗುವ ಗ್ರೀಸ್ ಇದೆ. ಎಬೊನೈಟ್ ಮೌತ್‌ಪೀಸನ್ನು ಬಿಸಿನೀರಿನಲ್ಲಿ ತೊಳೆದರೆ ಕಪ್ಪು ಹೋಗಿ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ.

ಮರದ ಸೀಳು, ಮೈಯ ನೆಗ್ಗು, ಬಗ್ಗಿದ ಕೀ, ಕಂಬದೊಳಗೆ ಮುರಿದುಳಿದ ಸ್ಪ್ರಿಂಗಿನ ತುಂಡು ಇವು ರಿಪೇರಿಯವರ ಪಾಲಿಗೆ. ಕಛೇರಿಯ ಹೊತ್ತಿಗೇ ಸ್ಪ್ರಿಂಗ್ ಮುರಿದರೆ ರಬ್ಬರ್ ಬ್ಯಾಂಡ್ ಕಟ್ಟಿ ಆ ಹೊತ್ತನ್ನು ದಾಟಿಸಬಹುದು. ರಬ್ಬರಿನಲ್ಲಿರುವ ಗಂಧಕ ಬೆಳ್ಳಿ ಲೇಪವನ್ನು ಕಪ್ಪಾಗಿಸುವುದರಿಂದ ಅದನ್ನು ಆ ರಾತ್ರಿಯೇ ಬಿಚ್ಚಿಡಬೇಕು.