ವಜ್ರ ನಿಜ, ಬೆಲೆ ನಿಜವೆ?

ಮಗಳ ಮದುವೆ ಗೊತ್ತಾದ ಮನೆಯಲ್ಲಿ ಒಂದು ದಿನ ಬೀರುವಿನ ಒಳಖಾನೆಯಿಂದ ಕೆಂಪು ಮಖಮಲ್ಲಿನ ಡಬ್ಬಿಯೊಂದು ಹೊರಬರುತ್ತದೆ. ಅದರಲ್ಲಿ ಅಜ್ಜಿಯ ಬೆಂಡೋಲೆ; ನಡುವೆ ಒಂದು, ಸುತ್ತ ಆರು, ಓಲೆಯೊಂದಕ್ಕೆ ಏಳು ವಜ್ರ. ಅದು ಹಿರಿಯ ಮಗಳಿಗೆ ಸಲ್ಲಬೇಕೆಂದು ಅಜ್ಜಿ ಇದ್ದಾಗಲೇ ಮಾತಾಗಿತ್ತು. ಈಗ ಎರಡನೆಯವಳ ಸರದಿ. ಅವಳಿಗೆ ಹೊಸದಾಗಿ ಮಾಡಿಸಬೇಕು. ತಂದೆ ಮೂರು ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಮೊದಲನೆಯ ಅಂಗಡಿಯಲ್ಲಿ ಹೇಳಿದ ಬೆಲೆಗೆ ಅವರ ಎದೆ ಧಸಕ್ಕೆನ್ನುತ್ತದೆ. ಎರಡನೆಯ ಅಂಗಡಿಯಲ್ಲಿ ಅಷ್ಟೇ ತೂಕದ, ಅದಕ್ಕಿಂತಲೂ ಬೆಳ್ಳಗಿರುವ ಹದಿನಾಲ್ಕು ಕಲ್ಲುಗಳನ್ನು ಅದರ ನಾಲ್ಕನೆಯ ಒಂದು ಪಾಲಿಗೂ ಕಡಮೆ ಬೆಲೆಗೆ ಕೊಡುವೆವೆನ್ನುತ್ತಾರೆ. “ಇದೂ ವಜ್ರವೇ ಸ್ವಾಮಿ. ಗಣಿಯಲ್ಲಿ ಹುಟ್ಟಲಿಲ್ಲ, ಯಂತ್ರದಲ್ಲಿ ಬೆಳೆಯಿತು, ಅಷ್ಟೆ.” ಮೂರನೆಯ ಅಂಗಡಿಯವರು ಆ ಮಾತು ಕೇಳಿ ನಗುತ್ತಾರೆ. “ಅದು ಬರಿಯ ಗಾಜು. ಮೋಸ ಹೋಗಬೇಡಿ.”

ಇಂದು ನಗರದ ಎಷ್ಟೋ ಮನೆಗಳಲ್ಲಿ ಈ ಸಂದಿಗ್ಧ ತಲೆದೋರಿದೆ. ಮೂರನೆಯ ವರ್ತಕರ ಮಾತು ಶುದ್ಧ ಸುಳ್ಳು. ಎರಡನೆಯವರದು ನಿಜ. ಆದರೆ ಅವರು ಹೇಳದೆ ಬಿಟ್ಟ ಮಾತೊಂದುಂಟು. ಗಿರಾಕಿಯ ಗಂಟಿಗೆ ಸಂಬಂಧಪಟ್ಟದ್ದು ಅದೇ.

ಇದ್ದಲಿನ ಒಡಹುಟ್ಟು

ವಜ್ರವೆಂದರೆ ಹರಳುಗಟ್ಟಿದ ಇಂಗಾಲ. ಫ್ರಾನ್ಸಿನ ಲವಾಸಿಯೆ 1772ರಲ್ಲಿ ದೊಡ್ಡ ಮಸೂರದ ಮೂಲಕ ಸೂರ್ಯನ ಶಾಖವನ್ನು ಹಾಯಿಸಿ ವಜ್ರವನ್ನು ಸುಟ್ಟು ತೋರಿಸಿದನು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನೆಂಟ್ ಅದು ಇದ್ದಲಿನಂತೆಯೇ ಶುದ್ಧ ಇಂಗಾಲವೆಂದು ಸಿದ್ಧಪಡಿಸಿದನು. ಇದ್ದಲೇ ವಜ್ರವಾಗಬಲ್ಲುದಾದರೆ ಮನುಷ್ಯ ಸುಮ್ಮನಿರುವನೆ? ಅಂದಿನಿಂದ ಒಂದೂವರೆ ಶತಮಾನ ಎಷ್ಟೋ ಮಂದಿ ಕುಲುಮೆಯ ಮುಂದೆ ಕುಳಿತು ಬೆವರು ಸುರಿಸಿದರು. ಕೆಲವರು ಗೆದ್ದೆವೆಂದು ಸಾರಿ ನಗೆಗೀಡಾದುದೂ ಉಂಟು.

ಜಗತ್ತಿಗೆ ತಿಳಿದ ಮೊದಲ ಗೆಲುವು ದೊರೆತದ್ದು ಅಮೆರಿಕದ ಸ್ಕೆನೆಕ್ಟಡಿ ನಗರದಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ. 1954ನೆಯ ಇಸವಿ ಡಿಸೆಂಬರ್ 16ರಂದು ಟ್ರೇಸಿ ಹಾಲ್ ಎಂಬ ವಿಜ್ಞಾನಿ ತಾನೇ ಕಲ್ಪಿಸಿದ ಒತ್ತುಯಂತ್ರವನ್ನು ಬಿಚ್ಚಿ ನೋಡಿದಾಗ ಒಳಗೆ ಪುಟ್ಟ ಹರಳುಗಳು ಮಿನುಗುತ್ತಿದ್ದುವು. ಕೈ ನಡುಗಿ, ಮೊಣಕಾಲು ಸೋತು, ಆತನಿಗೆ ನಿಲ್ಲಲಾಗಲಿಲ್ಲವಂತೆ. ಮುಂದಿನ ಫೆಬ್ರವರಿಯಲ್ಲಿ ಕಂಪನಿ ಸುದ್ದಿಯನ್ನು ಪ್ರಕಟಿಸಿತು. ಆತನಿಗೆ ದೊರೆತ ಬಹುಮಾನ ಹತ್ತು ಡಾಲರಿನ ಉಳಿತಾಯಪತ್ರ! ಅದಕ್ಕೂ ಮೊದಲೇ, 1953ರಲ್ಲಿ, ಸ್ವೀಡನ್ನಿನ ಎ.ಎಸ್.ಇ.ಎ. ಕಂಪನಿಯವರು ವಜ್ರವನ್ನು ಮಾಡಿದ್ದರು. ಗುಟ್ಟಾಗಿಟ್ಟುಕೊಂಡು ಕೀರ್ತಿಯನ್ನು ಕಳೆದುಕೊಂಡರು.

ಆ ಹರಳುಗಳು ಒಡವೆಗೆ ಬರುವಂಥವಲ್ಲ. ಉಜ್ಜುವ, ಕೊರೆಯುವ ಕಾರ್ಖಾನೆಗಳಿಗೆ ಹೋದುವು. ಒಡವೆಗೆ ತಕ್ಕಷ್ಟು ದೊಡ್ಡ ತಿಳಿಯಾದ ಕಲ್ಲನ್ನು ಅದೇ ಕಂಪನಿ ತಯಾರಿಸಿ ತೋರಿಸಿದ್ದು 1970ರಲ್ಲಿ. ಅದಕ್ಕೆ ತಗುಲಿದ ಖರ್ಚಿನಲ್ಲಿ ಗಣಿಯ ವಜ್ರವನ್ನೇ ಕೊಳ್ಳಬಹುದಾಗಿತ್ತು.

ಹೆಪ್ಪು ಹಾಕುವ ವಿದ್ಯೆ

ಈಗ ಎರಡು ವಿಧಾನಗಳು ಬಳಕೆಯಲ್ಲಿವೆ. ಒಂದು ಟ್ರೇಸಿ ಹಾಲನ ವಂಶದ್ದು. ಇಂಗಾಲವನ್ನು ಕರಗಿದ ಲೋಹದಲ್ಲಿ ಸೇರಿಸಿ, ಗಾಳಿಯ ಒತ್ತಡದ ಐವತ್ತು ಅರವತ್ತು ಸಾವಿರದಷ್ಟು ಒತ್ತಡವನ್ನೂ 1300ರಿಂದ 1600 ಡಿಗ್ರಿ ಶಾಖವನ್ನೂ ಕೊಟ್ಟು ಹರಳುಗಟ್ಟಿಸುವುದು. ಇದನ್ನು ಎಚ್.ಪಿ.ಎಚ್.ಟಿ. ಎನ್ನುತ್ತಾರೆ.

ಇನ್ನೊಂದು ಸಿ.ವಿ.ಡಿ. ಇದರಲ್ಲಿ ಭೀಮಬಲದ ಒತ್ತಡವೇನೂ ಬೇಕಿಲ್ಲ. ಗಾಳಿಯನ್ನು ಹೊರತೆಗೆದ ಪೆಟ್ಟಿಗೆಯೊಳಗೆ ವಜ್ರದ ತೆಳುವಾದ ಬಿಲ್ಲೆಯನ್ನಿಟ್ಟು, ಜಲಜನಕವನ್ನೂ ಸ್ವಲ್ಪ ಮೀಥೇನ್ ಅನಿಲವನ್ನೂ ಬಿಟ್ಟು, ಮೈಕ್ರೋವೇವ್ ಅಲೆಗಳಿಂದ ಕಾಯಿಸುತ್ತಾರೆ. ಅನಿಲ ಒಡೆದು, ಅದರಲ್ಲಿನ ಇಂಗಾಲ ಪರಮಾಣು ಪರಮಾಣುವಾಗಿ ಬಿಲ್ಲೆಯ ಮೇಲೆ ಕೂರುತ್ತದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಸರಿ. ವಜ್ರವೇ ಇಲ್ಲಿ ಹೆಪ್ಪು. ಕೆಲವು ವಾರಗಳಲ್ಲಿ ಕಲ್ಲು ಸಿದ್ಧ. ಭೂಮಿಯೊಳಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಆಳದಲ್ಲಿ ಆಗುವ ಇದೇ ಕೆಲಸ ಅಲ್ಲಿ ನಡೆದದ್ದು ನೂರರಿಂದ ಮುನ್ನೂರೈವತ್ತು ಕೋಟಿ ವರ್ಷಗಳ ಹಿಂದೆ.

ಗಣಿಯ ವಜ್ರಕ್ಕೆ ಸಾಣೆ ಹಿಡಿದು ಹೆಸರಾದ ಸೂರತ್ತು ಈಗ ಸಿ.ವಿ.ಡಿ. ವಜ್ರವನ್ನು ಬೆಳೆಯುವುದರಲ್ಲಿಯೂ ಮುಂದಾಗಿದೆ. 2023ರ ಜೂನಿನಲ್ಲಿ ಭಾರತದ ಪ್ರಧಾನಿಯವರು ಅಮೆರಿಕದ ಅಧ್ಯಕ್ಷರ ಪತ್ನಿಗೆ ಉಡುಗೊರೆಯಾಗಿ ಕೊಟ್ಟದ್ದು ಯಂತ್ರದಲ್ಲಿ ಬೆಳೆದ 7.5 ಕ್ಯಾರಟ್ಟಿನ ವಜ್ರ. ಅದೇ ವರ್ಷದ ಬಜೆಟ್ಟಿನಲ್ಲಿ ಬೀಜದ ಬಿಲ್ಲೆಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಲಾಯಿತು. ಸಂಶೋಧನೆಗೆಂದು ಮದರಾಸಿನ ಐ.ಐ.ಟಿ.ಗೆ ಐದು ವರ್ಷಗಳಿಗೆ 242 ಕೋಟಿ ರೂಪಾಯಿ ಮಂಜೂರಾಯಿತು. ಗಾಜಿಗೆ ಯಾರೂ ಇಷ್ಟು ಹಣ ಸುರಿಯುವುದಿಲ್ಲ.

ಕಣ್ಣಿಗೆ ಕಾಣದ ಗುರುತು

ವಜ್ರಪರೀಕ್ಷೆ ನಮ್ಮಲ್ಲಿ ಹಳೆಯ ವಿದ್ಯೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಉಂಟು. ಕಾಕಪದ, ಬಿಂದು, ರೇಖೆ ಎಂದು ದೋಷಗಳನ್ನು ಹೆಸರಿಸಿದವರು ನಮ್ಮ ರತ್ನಶಾಸ್ತ್ರಜ್ಞರು. ಮನೆಮನೆಯ ಪರೀಕ್ಷೆಗಳೂ ಇವೆ: ಕಲ್ಲಿನ ಮೇಲೆ ಉಸಿರು ಬಿಟ್ಟರೆ ಮಂಜು ಕೂಡಲೇ ಆರಬೇಕು, ಅಕ್ಷರದ ಮೇಲಿಟ್ಟರೆ ಅಕ್ಷರ ಕಾಣಬಾರದು, ಗಾಜನ್ನು ಗೀರಬೇಕು. ಗಾಜನ್ನು ವಜ್ರವೆಂದು ನಂಬಿಸುವವನನ್ನು ಹಿಡಿಯುವುದಕ್ಕೆ ಇವು ಅಷ್ಟಿಷ್ಟು ಸಹಾಯವಾದಾವು. ಗಣಿಯದನ್ನೂ ಯಂತ್ರದ್ದನ್ನೂ ಬೇರ್ಪಡಿಸಲಾರವು. ಎರಡೂ ವಜ್ರವೇ ಆದುದರಿಂದ ಎರಡೂ ಪಾಸಾಗುತ್ತವೆ.

ಅಂಗಡಿಯಲ್ಲಿ ‘ಟಿಕ್’ ಎಂದು ಸದ್ದು ಮಾಡುವ ಪೆನ್ನಿನಂಥ ಸಾಧನವೂ ಅಷ್ಟೆ. ಅದು ಅಳೆಯುವುದು ಶಾಖ ಹರಿಯುವ ವೇಗವನ್ನು. ವಜ್ರವಲ್ಲದ ಮಾಯ್ಸನೈಟ್ ಎಂಬ ಕಲ್ಲು ಕೂಡ ಹಳೆಯ ಪೆನ್ನುಗಳನ್ನು ಮೋಸಗೊಳಿಸುತ್ತದೆ. ಅಮೆರಿಕನ್ ಡೈಮಂಡ್ ಎಂದು ಕರೆಯುವ ಕ್ಯೂಬಿಕ್ ಜರ್ಕೋನಿಯ ಹಾಗೆ ತಪ್ಪಿಸಿಕೊಳ್ಳಲಾರದು. ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ. ಈ ಎರಡನ್ನು ಯಾರಾದರೂ ‘ಲ್ಯಾಬ್ ವಜ್ರ’ವೆಂದರೆ ಅದು ಮೋಸವೇ.

ನಿಜವಾದ ಗುರುತು ಸಾರಜನಕದಲ್ಲಿದೆ. ಭೂಗರ್ಭದ ವಜ್ರಗಳಲ್ಲಿ ಬಹುಪಾಲಿನಲ್ಲಿ, ನೂರಕ್ಕೆ ತೊಂಬತ್ತೈದಕ್ಕೂ ಮೇಲಿನವುಗಳಲ್ಲಿ, ಸಾರಜನಕದ ಪರಮಾಣುಗಳು ಗುಂಪುಗೂಡಿ ಕುಳಿತಿರುತ್ತವೆ. ಹಾಗೆ ಗುಂಪುಗೂಡುವುದಕ್ಕೆ ಕೋಟಿಗಟ್ಟಲೆ ವರ್ಷಗಳು ಬೇಕು. ಕೆಲವು ವಾರಗಳಲ್ಲಿ ಬೆಳೆದ ಕಲ್ಲಿಗೆ ಆ ವಯಸ್ಸೆಲ್ಲಿಂದ ಬರಬೇಕು? ಪ್ರಯೋಗಶಾಲೆಯ ಉಪಕರಣಗಳು ಈ ಭೇದವನ್ನೂ ಹರಳು ಬೆಳೆದ ಬಗೆಯನ್ನೂ ಹಿಡಿಯುತ್ತವೆ. ಎಂತಹ ಅನುಭವಿಯಾದ ಚಿನಿವಾರನ ಕಣ್ಣಿಗೂ ಇದು ಸಾಧ್ಯವಿಲ್ಲ.

ಇಲ್ಲಿ ‘ಬ್ಲೂ ಜಾಗರ್’ ಕಲ್ಲಿನ ಮಾತನ್ನೂ ಹೇಳಬೇಕು. ನೀಲಿಯ ಮಿಂಚುಳ್ಳ ಬಿಳಿಯ ವಜ್ರಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಎಲ್ಲಿಲ್ಲದ ಮರ್ಯಾದೆ. ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯಿಂದ. ಆ ಗಣಿಯ ಕೆಲಸ 1971ರಲ್ಲಿಯೇ ನಿಂತಿತು. ಇಂದು ಹೊಸ ಕಲ್ಲಿಗೆ ಆ ಹೆಸರನ್ನು ಹೇಳಿದರೆ ಅದು ಬಣ್ಣದ ವರ್ಣನೆ, ಊರಿನ ಸಾಕ್ಷಿಯಲ್ಲ. ಮೇಲಾಗಿ ಒತ್ತಡದ ವಿಧಾನದಲ್ಲಿ ಬೆಳೆದ ವಜ್ರದಲ್ಲಿ ಬೋರಾನ್ ಸೇರಿ ನಸುನೀಲಿ ಛಾಯೆ ಬರುವುದು ಸಾಮಾನ್ಯ. ಅಜ್ಜಿ ಮೆಚ್ಚುತ್ತಿದ್ದ ನೀಲಿಯನ್ನೇ ನಂಬಿ ಗಣಿಯ ಬೆಲೆ ತೆತ್ತರೆ ಯಂತ್ರದ ಕಲ್ಲು ಮನೆಗೆ ಬಂದೀತು.

ವರ್ತಕರು ಹೇಳದ ಮಾತು

ವಜ್ರವನ್ನು ನಮ್ಮ ಮಧ್ಯಮ ವರ್ಗದವರು ಅಂದಕ್ಕಾಗಿ ಮಾತ್ರ ಕೊಂಡವರಲ್ಲ. ಕಷ್ಟಕಾಲಕ್ಕೆ ಆದೀತು, ಮಗಳಿಗೆ ಆದೀತು ಎಂಬ ಭಾವನೆ ಅದರ ಹಿಂದೆ ಇತ್ತು. ಯಂತ್ರದ ವಜ್ರ ಎಡವುವುದು ಇಲ್ಲಿಯೇ.

2016ರ ಸುಮಾರಿನಲ್ಲಿ ಅದರ ಬೆಲೆ ಗಣಿಯದಕ್ಕಿಂತ ನೂರಕ್ಕೆ ಹತ್ತಿಪ್ಪತ್ತು ಮಾತ್ರ ಕಡಮೆಯಿತ್ತು. ಗಣಿಯ ವ್ಯಾಪಾರದಲ್ಲಿ ಹೆಸರಾದ ಡಿ ಬಿಯರ್ಸ್ ಕಂಪನಿ 2018ರಲ್ಲಿ ‘ಲೈಟ್‌ಬಾಕ್ಸ್’ ಎಂಬ ಹೆಸರಿನಲ್ಲಿ ತಾನೇ ಯಂತ್ರದ ವಜ್ರವನ್ನು ತಂದು, ಕ್ಯಾರಟ್ಟಿಗೆ 800 ಡಾಲರ್ ಎಂದು ಒಂದೇ ಬೆಲೆ ಕಟ್ಟಿತು. ಮಾರುಕಟ್ಟೆ ಬೆಚ್ಚಿಬಿದ್ದಿತು. ಆಮೇಲೆ ಬೆಲೆ ಇಳಿದ ವೇಗದ ಮುಂದೆ ಆ 800 ಡಾಲರೂ ದುಬಾರಿಯೆನಿಸಿತು. 2025ರಲ್ಲಿ ಕಂಪನಿ ಆ ಅಂಗಡಿಯನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಇಂದು ಒಂದು ಕ್ಯಾರಟ್ಟಿಗೆ ಮೇಲಿನ ಕಲ್ಲುಗಳಲ್ಲಿ ಯಂತ್ರದ್ದು ಗಣಿಯ ಬೆಲೆಯ ಹತ್ತನೆಯ ಒಂದು ಪಾಲಿನ ಆಸುಪಾಸಿಗೆ ದೊರೆಯುವುದುಂಟು. ಸಣ್ಣ ಕಲ್ಲುಗಳಲ್ಲಿ ಅಂತರ ಅಷ್ಟಿಲ್ಲ.

ಕಾರಣ ಸರಳ. ಗಣಿಯಿಂದ ಎಷ್ಟು ತೆಗೆಯಬಹುದೆಂಬುದಕ್ಕೆ ಮಿತಿಯಿದೆ. ಯಂತ್ರವನ್ನು ಎಷ್ಟು ಬೇಕಾದರೂ ಹೂಡಬಹುದು. ಹೊಸ ಯಂತ್ರ ಹಳೆಯದಕ್ಕಿಂತ ಅಗ್ಗವಾಗಿ ಬೆಳೆಯುತ್ತದೆ. ನಾಳೆ ಇನ್ನೂ ಅಗ್ಗವಾಗುವ ಪದಾರ್ಥವನ್ನು ಇಂದು ಆಸ್ತಿಯೆಂದು ಕೊಳ್ಳುವವರಿಗೆ ಬುದ್ಧಿ ಹೇಳುವುದು ಹೇಗೆ? ಹಾಗೆಂದು ಗಣಿಯ ವಜ್ರವೇನು ಚಿನ್ನದಂತಲ್ಲ. ಕೊಂಡ ಮರುದಿನ ಅದನ್ನು ಮಾರಲು ಹೋದವರಿಗೆ ಅನುಭವವಾಗಿರುತ್ತದೆ. ‘ವಜ್ರ ಎಂದೂ ಇಳಿಯದು’ ಎಂಬುದು ಮಾರುವವರು ಕಟ್ಟಿದ ಮಾತು.

“ವಾಪಸು ತೆಗೆದುಕೊಳ್ಳುತ್ತೇವೆ” ಎಂಬ ಆಶ್ವಾಸನೆಯನ್ನು ಆದುದರಿಂದಲೇ ಬರಹದಲ್ಲಿ ಪಡೆಯಬೇಕು. ನೂರಕ್ಕೆ ಎಂಬತ್ತು ಕೊಡುವೆವೆಂದರೆ ಯಾವುದರ ಎಂಬತ್ತು? ಬಿಲ್ಲಿನ ಬೆಲೆಯದೋ, ಅಂದಿನ ಮಾರುಕಟ್ಟೆಯದೋ? ನಗದಾಗಿಯೋ, ಬೇರೆ ಒಡವೆಯ ಲೆಕ್ಕಕ್ಕೋ? ಉತ್ತರ ತಡವರಿಸಿದರೆ ಅದನ್ನೇ ಉತ್ತರವೆಂದು ತಿಳಿಯಬಹುದು.

ಬಿಡಿ ಕಲ್ಲಿನ ಲಾಭ

ಕೊಳ್ಳುವುದೇ ಆದರೆ ಒಡವೆಯಾಗಿ ಕೊಳ್ಳದೆ ಬಿಡಿಯಾಗಿ ಕೊಳ್ಳುವುದು ಲೇಸು. ಓಲೆಯಲ್ಲಿ ಕೂರಿಸಿದ ಮೇಲೆ ಕಲ್ಲಿನ ತೂಕ ಅಂದಾಜು ಮಾತ್ರ. ಹಿಂಭಾಗ ಮುಚ್ಚಿದ ಕಟ್ಟಡದಲ್ಲಂತೂ ಬಣ್ಣವೂ ದೋಷವೂ ಅಡಗಿಹೋಗುತ್ತವೆ. ಉಪಕರಣದ ಪರೀಕ್ಷೆಗೂ ತೊಡಕಾಗುತ್ತದೆ. ಬಿಡಿ ಕಲ್ಲನ್ನು ಎದುರಿನಲ್ಲೇ ತೂಗಿಸಬಹುದು. ಕ್ಯಾರಟ್ಟೆಂದರೆ 200 ಮಿಲಿಗ್ರಾಂ. ಅದರ ನೂರನೆಯ ಪಾಲು ಒಂದು ಸೆಂಟು. ಬಿಳಿಯ ಕಾಗದವನ್ನು ಮಡಿಸಿ ಅದರ ಸಂದಿನಲ್ಲಿ ಕಲ್ಲನ್ನು ಮಗುಚಿಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ಛಾಯೆ ತಿಳಿಯುತ್ತದೆ. ಸಿ.ವಿ.ಡಿ. ಕಲ್ಲುಗಳಲ್ಲಿ ಕೆಲವಕ್ಕೆ ನಸುಗಂದು, ಕೆಲವಕ್ಕೆ ಬೂದು. ಕೆಲವು ಹಾಲು ಬೆರೆಸಿದಂತೆ ಮಸುಕು. ಅಂಗಡಿಯ ಝಗಝಗಿಸುವ ದೀಪದಡಿ ಇವೊಂದೂ ಕಾಣವು.

ಕ್ಯಾರಟ್, ಕಲರ್, ಕ್ಲಾರಿಟಿ, ಕಟ್ ಎಂಬ ನಾಲ್ಕರಲ್ಲಿ ಗಿರಾಕಿಗಳು ಮೊದಲ ಮೂರಕ್ಕೆ ಮಾರುಹೋಗುತ್ತಾರೆ. ಕಲ್ಲಿಗೆ ಜೀವ ಬರುವುದು ನಾಲ್ಕನೆಯದರಿಂದ. ಸಾಣೆಯವನು ತೂಕ ಉಳಿಸುವ ಆಸೆಯಿಂದ ಕಲ್ಲನ್ನು ಆಳವಾಗಿ ಬಿಟ್ಟರೆ ಬೆಳಕು ತಳದಿಂದ ಸೋರಿಹೋಗುತ್ತದೆ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರಟ್ಟಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ಅದಕ್ಕಿಂತ ಬಹಳ ಕಿರಿದಾಗಿದ್ದರೆ ತೂಕ ಕಾಣದ ಕಡೆ ಕುಳಿತಿದೆ ಎಂದರ್ಥ. ಬಣ್ಣದಲ್ಲಿ ‘ಡಿ’ ಎಂಬುದು ಅತ್ಯಂತ ಬಿಳಿ. ಹಳದಿ ಚಿನ್ನದ ಬೆಂಡೋಲೆಗೆ ‘ಡಿ’ಯೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ, ಚಿನ್ನದ ನೆರಳು ಆ ಬಿಳುಪನ್ನು ನುಂಗಿಬಿಡುತ್ತದೆ.

ಪ್ರಮಾಣಪತ್ರವಿರಲೇಬೇಕು. ಕಲ್ಲಿನ ನಡುಪಟ್ಟಿಯ ಮೇಲೆ ಲೇಸರಿನಿಂದ ಕೆತ್ತಿದ ಸಂಖ್ಯೆಯನ್ನು ಭೂತಗನ್ನಡಿಯಲ್ಲಿ ಓದಿ ಪತ್ರದ ಸಂಖ್ಯೆಗೆ ತಾಳೆ ನೋಡಬೇಕು. ಅದೇ ಸಂಖ್ಯೆಯನ್ನು ಪತ್ರ ಕೊಟ್ಟ ಸಂಸ್ಥೆಯ ಅಂತರ್ಜಾಲ ತಾಣದಲ್ಲಿಯೂ ನೋಡಬಹುದು. ಬೆಳೆದ ಮೇಲೆ ಬಣ್ಣ ತಿದ್ದಲು ಮತ್ತೆ ಕಾಯಿಸಿದ್ದಾರೆಯೇ ಎಂಬುದನ್ನು ಪತ್ರದ ಟಿಪ್ಪಣಿ ತಿಳಿಸೀತು. ಅಮೆರಿಕದ ಜಿ.ಐ.ಎ. ಸಂಸ್ಥೆ 2025ರ ಅಕ್ಟೋಬರಿನಿಂದ ಯಂತ್ರದ ವಜ್ರಗಳಿಗೆ ‘ಡಿ’, ‘ಇ’ ಎಂಬ ಸೂಕ್ಷ್ಮ ಶ್ರೇಣಿಗಳನ್ನು ಬಿಟ್ಟು ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ದರ್ಜೆಗಳನ್ನಿರಿಸಿದೆ. ಹೆಚ್ಚು ಕಡಮೆ ಎಲ್ಲವೂ ಮೇಲಿನ ಶ್ರೇಣಿಗಳಲ್ಲಿಯೇ ಬಂದು ಕೂರುವಾಗ ಶ್ರೇಣಿಗೆ ಅರ್ಥವೇನು ಎಂಬುದು ಅವರ ವಾದ.

ಬೆಂಡೋಲೆಯ ತೊಡಕು ಬೇರೆ. ಹತ್ತು ಹದಿನೈದು ಸೆಂಟಿನ ಹದಿನಾಲ್ಕು ಕಲ್ಲುಗಳಿಗೆ ಒಂದೊಂದಕ್ಕೂ ಪತ್ರ ದೊರೆಯುವುದು ಅಪರೂಪ. ಗಣಿಯ ಪೊಟ್ಟಣದಲ್ಲಿ ಯಂತ್ರದ ನಾಲ್ಕು ಕಲ್ಲು ಬೆರೆತುಬಿಡುವ ಭಯ ಇಂತಹ ಸಣ್ಣವುಗಳಲ್ಲಿಯೇ ಹೆಚ್ಚು. ಎಷ್ಟೋ ವೇಳೆ ವರ್ತಕರಿಗೇ ತಿಳಿದಿರುವುದಿಲ್ಲ. ಗಣಿಯದೆಂದು ಬೆಲೆ ಕೊಡುವವರು ಕೂರಿಸುವ ಮೊದಲೇ ಅಷ್ಟನ್ನೂ ಪ್ರಯೋಗಶಾಲೆಗೆ ಕೊಟ್ಟು ನೋಡಿಸಬೇಕು.

ಬಿಲ್ಲಿನಲ್ಲಿ ಬರಿಯ ‘ವಜ್ರ’ವೆಂದು ಬರೆಸಿಕೊಂಡರೆ ಸಾಲದು. 2015ರ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಬರಿಯ ಆ ಹೆಸರು ಗಣಿಯದಕ್ಕೆ ಮಾತ್ರ ಸಲ್ಲುತ್ತದೆ; ಯಂತ್ರದ್ದಾದರೆ ‘ಪ್ರಯೋಗಶಾಲೆಯಲ್ಲಿ ಬೆಳೆದದ್ದು’ ಎಂಬ ಮಾತನ್ನು ಸೇರಿಸಲೇಬೇಕು. ತೂಕ, ಸಂಖ್ಯೆ, ವಿಧಾನ, ಕಲ್ಲಿನ ಬೆಲೆ, ಕೂಲಿ, ಎಲ್ಲವೂ ಬೇರೆ ಬೇರೆಯಾಗಿ ಬರಬೇಕು.

ಮದುವೆಯ ಮನೆಯ ತಂದೆಗೆ ಈಗ ಎರಡು ದಾರಿಗಳಿವೆ. ಗಣಿಯ ಕಲ್ಲೇ ಬೇಕೆಂದರೆ ಸಣ್ಣದನ್ನು ಕೊಳ್ಳುವುದು. ಇಲ್ಲವೇ ಯಂತ್ರದ ವಜ್ರದಲ್ಲಿ ಮಗಳು ಮೆಚ್ಚಿದ ಓಲೆಯನ್ನು ಮಾಡಿಸಿ, ಮಿಕ್ಕ ಹಣವನ್ನು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವುದು. ಎರಡನೆಯದನ್ನು ಆರಿಸಿಕೊಂಡವರು ಆ ಬಿಲ್ಲನ್ನೂ ಪತ್ರವನ್ನೂ ಓಲೆಯ ಡಬ್ಬಿಯಲ್ಲಿಯೇ ಮಡಿಸಿಡಬೇಕು. ಮೂವತ್ತು ವರ್ಷಗಳ ಮೇಲೆ ಇನ್ನೊಂದು ಮದುವೆಯ ಮುನ್ನ ಆ ಡಬ್ಬಿ ತೆರೆಯುವುದು. ಆಗ ಓಲೆಯ ಜೋಡಿ ಎರಡು ಮನೆಗಳಲ್ಲಿ ಒಂದೇ ಬಗೆಯಾಗಿ ಹೊಳೆಯುತ್ತಿರುವುದು. ಯಾವುದು ಅಜ್ಜಿಯದು, ಯಾವುದು ಸೂರತ್ತಿನದು ಎಂದು ಹೇಳುವುದಕ್ಕೆ ಆ ಕಾಗದವೊಂದೇ ಇರುತ್ತದೆ.